ಆಗದೇ ಹೋದ ಸ್ಪ್ಯಾನಿಶ್ ಎಂ.ಎ.

ನಮ್ಮಪ್ಪ ಧಾರವಾಡದಲ್ಲಿ ಇಂಟರ್ ತನಕ ಓದಿ, ಮುಂದೆ ಓದಲಾಗದೆ ಪುಣೆಗೆ ಬಂದು ಮಿಲಿಟರಿ ಲೆಕ್ಕದ ಕಚೇರಿಯಲ್ಲಿ ಕಾರಕೂನರಾದವರು. ತಮಗೆ ಸಿಗದ ಪದವಿಯನ್ನು ಮಗಳ ಹೆಸರಿನ ಮುಂದೆ ನೋಡಬೇಕೆಂಬುದು ಅವರ ಹಟ. ಬೇರೆ ಮನೆಗಳಲ್ಲಿ ಹುಡುಗಿಯರು ಓದುತ್ತೇನೆಂದು ಅಳುತ್ತಿದ್ದರು. ನಮ್ಮಲ್ಲಿ ನಾನು ಸಾಕೆಂದಿದ್ದರೆ ಅಪ್ಪ ಅಳುತ್ತಿದ್ದರೋ ಏನೋ. ಹಾಗಾಗಿ ನನ್ನ ಕಥೆಯಲ್ಲಿ ಓದಿಗೆ ಅಡ್ಡ ಬಂದ ತಂದೆಯಿಲ್ಲ. ಇದ್ದಿದ್ದರೆ ಎಲ್ಲ ತಪ್ಪನ್ನೂ ಅವರ ಮೇಲೆ ಹೊರಿಸಿ ನಾನು ಹಗುರಾಗಿ ಇರುತ್ತಿದ್ದೆ.

ಬಿ.ಎ.ಗೆ ನಾನು ಫ್ರೆಂಚ್ ತೆಗೆದುಕೊಂಡೆ. ಕಲಿಸಲು ಬರುತ್ತಿದ್ದವರು ಪುಣೆಯ ದಂಡುಪ್ರದೇಶವಾದ ಕ್ಯಾಂಪಿನ ಚರ್ಚಿನ ಒಬ್ಬ ವಯಸ್ಸಾದ ಪಾದ್ರಿ. ಹುಟ್ಟಿನಿಂದ ಸ್ಪೇನಿನವರು. ಫ್ರೆಂಚ್ ಪಾಠ ಹೇಳುವಾಗ ನಡುನಡುವೆ ಬೇಸರ ಬಂದು ತಮ್ಮ ಭಾಷೆಯ ಒಂದೆರಡು ಸಾಲು ಅಂದುಬಿಡುತ್ತಿದ್ದರು. ಆ ಸಾಲುಗಳಲ್ಲಿ ರಕಾರ ಎರಡು ಬಗೆಯಾಗಿ ಕೇಳಿಸುತ್ತಿತ್ತು, ಒಂದು ಮೆತ್ತಗೆ, ಇನ್ನೊಂದು ಗಡಸು. ನಮ್ಮ ಹಳಗನ್ನಡದಲ್ಲೂ ಎರಡು ರಕಾರಗಳಿದ್ದವು, ಈಗ ಒಂದೇ ಉಳಿದಿದೆ ಎಂದು ಒಮ್ಮೆ ನಾನು ಹೇಳಿದಾಗ ಅವರು ಪುಸ್ತಕ ಮುಚ್ಚಿ ನನ್ನನ್ನು ನೋಡಿದರು.

"ನಿನಗೆ ಕಿವಿ ಇದೆ," ಎಂದರು. "ಭಾನುವಾರ ಬಿಟ್ಟು ಯಾವ ಸಂಜೆಯಾದರೂ ಬಾ. ಸ್ಪ್ಯಾನಿಶ್ ಕಲಿಸುತ್ತೇನೆ."

ಬಿ.ಎ. ಮುಗಿದ ಮೇಲೂ ಶನಿವಾರ ಪೇಟೆಯ ನಮ್ಮ ಮನೆಯಿಂದ ಕ್ಯಾಂಪಿಗೆ ಸೈಕಲ್ ತುಳಿಯುತ್ತ ಹೋಗುವುದು ನಿಲ್ಲಲಿಲ್ಲ. ಚರ್ಚಿನ ಹಿಂದಿನ ಪಡಸಾಲೆಯಲ್ಲಿ ಎರಡು ಬೆತ್ತದ ಕುರ್ಚಿ, ಒಂದು ಮೇಜು. ಅಷ್ಟರಲ್ಲೇ ನಾನು ಒಂದು ದೇಶದ ಸಾಹಿತ್ಯವನ್ನೆಲ್ಲ ಓದಿ ಮುಗಿಸುತ್ತೇನೆಂದು ಅಂದುಕೊಂಡಿದ್ದೆ. ಅವರು ಕೊಟ್ಟದ್ದು ಸಂತರ ಚರಿತ್ರೆ, ಪ್ರಾರ್ಥನೆಯ ಪದ್ಯಗಳು, ಹಳೆಯ ಕಾಲದ ಕೆಲವು ನಾಟಕಗಳು. ಇವೂ ಚೆನ್ನಾಗಿಯೇ ಇದ್ದವು. ಆದರೆ ಕ್ಯಾಂಪಿನ ಹಳೇ ಪುಸ್ತಕದ ಅಂಗಡಿಯಲ್ಲಿ ಆ ದೇಶದ ಈಚಿನ ಕವಿಯೊಬ್ಬರ ಸಂಗ್ರಹ ಸಿಕ್ಕಿತು. ಯಾವನೋ ಹಡಗಿನವನು ಮಾರಿಹೋದದ್ದಿರಬೇಕು. ರಾತ್ರಿಯೆಲ್ಲ ಕಣ್ಣ ಮುಂದೆ ಅದೇ. ಮರುದಿನ ಕುಣಿಯುತ್ತ ಒಯ್ದು ಅವರ ಮುಂದಿಟ್ಟೆ.

ಹೆಸರು ಓದಿದ್ದೇ ತಡ, ಪುಸ್ತಕವನ್ನು ಬೆರಳ ತುದಿಯಿಂದ ನನ್ನ ಕಡೆ ಸರಿಸಿದರು.

"ಇದನ್ನು ಇಲ್ಲಿ ಓದಬೇಡ."

"ಕವಿತೆಗಳು ಮಾತ್ರ ಫಾದರ್. ಇದರಲ್ಲಿ ರಾಜಕೀಯ ಏನೂ ಕಾಣಲಿಲ್ಲ."

"ನನ್ನ ತಮ್ಮನೂ ಪಾದ್ರಿಯಾಗಿದ್ದ. ಅವನನ್ನು ಚರ್ಚಿನ ಗೋಡೆಗೆ ನಿಲ್ಲಿಸಿ ಗುಂಡು ಹೊಡೆದವರು ಈ ಕವಿತೆಗಳನ್ನು ಹಾಡುತ್ತಿದ್ದವರು," ಎಂದರು. ದನಿ ಏರಲಿಲ್ಲ. ಅವರ ದೇಶದಲ್ಲಿ ಅಂತರ್ಯುದ್ಧ ಮುಗಿದು ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ.

ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡೆ. ಮುಂದೆ ಮನೆಯಲ್ಲಿ ನಿಘಂಟು ಹಿಡಿದು ಒಬ್ಬಳೇ ಓದಿದೆ, ಅರ್ಧಂಬರ್ಧ ತಿಳಿಯಿತು. ಉಳಿದರ್ಧ ಹೇಳಿಕೊಡುವವರು ಇಡೀ ಪುಣೆಯಲ್ಲಿ ಅವರೊಬ್ಬರೇ. ಅವರ ದುಃಖವನ್ನು ನಾನು ಅರಿಯದವಳಲ್ಲ. ಆದರೂ ಅವರ ದುಃಖ ನನ್ನ ಓದಿನ ನಡುವೆ ಗೋಡೆಯಂತೆ ನಿಂತದ್ದನ್ನು ನಾನು ಇಂದಿಗೂ ಒಳ್ಳೆಯ ಮನಸ್ಸಿನಿಂದ ನೆನೆಯಲಾರೆ.

ಎಂ.ಎ. ಅನ್ನು ಸ್ಪ್ಯಾನಿಶ್ ಸಾಹಿತ್ಯದಲ್ಲೇ ಮಾಡಬೇಕೆಂದು ಅರ್ಜಿ ಹಾಕಿದೆ. ಅಂಥ ವಿಷಯವೇ ಇಲ್ಲವೆಂದು ಉತ್ತರ ಬಂತು. ಭಾಷಾಶಾಸ್ತ್ರ ಕಲಿಸುತ್ತಿದ್ದ ಪ್ರೊಫೆಸರರ ಹತ್ತಿರ ಹೋದೆ. ಅವರು ಪುಣೆಯಲ್ಲಿ ದೊಡ್ಡ ಹೆಸರು, ಮರಾಠಿಯ ಒಂದೊಂದು ಪ್ರತ್ಯಯದ ಮೇಲೂ ಬರೆದವರು. ಅವರ ಮುಂದೆ ಮರಾಠಿಯಲ್ಲಿ ಹೆದರುತ್ತ ಹೆದರುತ್ತ ನನ್ನ ಯೋಚನೆ ಹೇಳಿದೆ. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾಯಿತು, ಪುಲಿ ಹುಲಿಯಾಯಿತು. ಲ್ಯಾಟಿನ್ನಿನ ಫಕಾರವೂ ಸ್ಪ್ಯಾನಿಶ್‌ನಲ್ಲಿ ಹೀಗೇ ಹಕಾರವಾಯಿತು, ಆಮೇಲೆ ಆ ಹಕಾರ ಬರಹದಲ್ಲಿ ಉಳಿದು ಬಾಯಿಂದ ಬಿದ್ದುಹೋಯಿತು. ನಮ್ಮಲ್ಲೂ ಕೆಲವು ಕಡೆ ಜನ ಹಾಲಿಗೆ ಆಲು ಎನ್ನುತ್ತಾರೆ. ಒಂದನ್ನೊಂದು ಕಾಣದ ಎರಡು ಭಾಷೆಗಳು ಒಂದೇ ದಾರಿ ಹಿಡಿದದ್ದು ಯಾಕೆ?

"ಚೆನ್ನಾಗಿದೆ," ಎಂದರು ಪ್ರೊಫೆಸರರು. "ಪ್ರಬಂಧ ಬರೆದು ಎಂ.ಎ. ತೆಗೆದುಕೋ. ಸಾಹಿತ್ಯ ಬಿಡು, ಧ್ವನಿ ಹಿಡಿ."

ಸಾಹಿತ್ಯ ಬಿಟ್ಟೆ. ಬೇಕಾದದ್ದನ್ನು ಬಿಟ್ಟು ಸಿಕ್ಕದ್ದನ್ನು ಹಿಡಿಯುವುದೇ ಜಾಣತನ ಎಂದು ಆಗ ಎಲ್ಲರೂ ಹೇಳುತ್ತಿದ್ದರು.

ಎರಡನೇ ಮಹಾಯುದ್ಧ ಶುರುವಾಗಿತ್ತು. ವಿದೇಶದ ಪುಸ್ತಕಗಳು ಬರುತ್ತಿರಲಿಲ್ಲ. ಪಾದ್ರಿಗಳ ನೆನಪೇ ನನ್ನ ಗ್ರಂಥಾಲಯ. ನಾನು ಶಾಸನಗಳ ಪಾಠ ತಿರುವುತ್ತ ಪಕಾರ ಎಲ್ಲಿ ಹಕಾರವಾಯಿತೆಂದು ಹುಡುಕುತ್ತಿದ್ದ ದಿನಗಳಲ್ಲಿ ಊರಲ್ಲಿ ಚಲೇಜಾವ್ ಚಳವಳಿ ಎದ್ದಿತು. ನನ್ನ ಜೊತೆ ಬಿ.ಎ. ಓದಿದ ಗೆಳತಿ ಮೆರವಣಿಗೆಯಲ್ಲಿ ಹೋಗಿ ಯರವಡಾ ಜೈಲು ಕಂಡು ಬಂದಳು. ಬಂದವಳು ನಕ್ಕು, "ನೀನು ಇನ್ನೂ ಹಾಲು ಹಿಡಕೊಂಡೇ ಕೂತೀಯೇನ?" ಅಂದಳು. ಅವ್ವನೂ ಹೆಚ್ಚುಕಡಿಮೆ ಅದನ್ನೇ ಅನ್ನುತ್ತಿದ್ದಳು. "ಹಾಲಿಗೆ ಹಾಲು ಅಂತಾರ. ಇದರಾಗ ವರ್ಷಾನುಗಟ್ಟಲೆ ಬರಿಯೋದು ಏನದ?" ಅಪ್ಪ ಮಾತ್ರ ಕಚೇರಿಯಲ್ಲಿ, ಕನ್ನಡದವರ ಮನೆಗಳಲ್ಲಿ, ಸಿಕ್ಕಸಿಕ್ಕವರಿಗೆ ಹೇಳುತ್ತ ಬಂದರು: "ನಮ್ಮ ಹುಡುಗಿ ಸ್ಪ್ಯಾನಿಶ್ ಒಳಗ ಎಂ.ಎ. ಮಾಡಲಿಕ್ಕೆ ಹತ್ಯಾಳ್ರಿ."

ಪ್ರಬಂಧ ಒಪ್ಪಿಸಿದೆ. ಮೌಖಿಕ ಪರೀಕ್ಷೆಗೆ ಬೇರೆ ಊರಿನಿಂದ ಇಬ್ಬರು ಪರೀಕ್ಷಕರನ್ನು ಕರೆಸಿದರು. ಒಬ್ಬರು ಕನ್ನಡದ ಶಾಸನಗಳನ್ನು ಬಲ್ಲ ಪಂಡಿತರು. ಇನ್ನೊಬ್ಬರು ನಿವೃತ್ತರಾದ ಇಂಗ್ಲಿಷ್ ಸಾಹೇಬರು, ಸ್ಪ್ಯಾನಿಶ್ ಬಲ್ಲವರು. ನನಗೆ ಕಲಿಸಿದವರೆಂಬ ಕಾರಣಕ್ಕೆ ಪಾದ್ರಿಗಳನ್ನು ಕರೆಯಲಿಲ್ಲ. ಪ್ರೊಫೆಸರರು ಕಿಟಕಿಯ ಪಕ್ಕ ಕೂತಿದ್ದರು.

ಪಂಡಿತರು ಶುರುಮಾಡಿದರು. "ಪಕಾರ ಹಕಾರವಾದದ್ದು ನಮ್ಮ ವಿದ್ಯಾರ್ಥಿಗಳಿಗೆಲ್ಲ ಗೊತ್ತಿರೋ ಸಂಗತಿ. ಇದರಲ್ಲಿ ಹೊಸದೇನು ಹೇಳಿದಿರಿ? ಸ್ಪ್ಯಾನಿಶ್ ಭಾಗದ ಬಗ್ಗೆ ಮಾತ್ರ ನಾನು ಏನೂ ಹೇಳಲಾರೆ."

ಸಾಹೇಬರು ತಲೆಯಾಡಿಸಿದರು. "ಸ್ಪ್ಯಾನಿಶ್ ಭಾಗ ಸರಿಯಾಗಿದೆ, ಆದರೆ ಯುರೋಪಿನಲ್ಲಿ ಎಲ್ಲರಿಗೂ ತಿಳಿದದ್ದು. ಕನ್ನಡದ ಭಾಗದಲ್ಲಿ ಹೊಸದಿರಬಹುದು. ಅದು ನನಗೆ ಬರುವುದಿಲ್ಲ."

"ಎರಡನ್ನೂ ಎದುರುಬದುರು ಇಟ್ಟದ್ದೇ ಹೊಸದು, ಸರ್," ಎಂದೆ. "ಹಾಗೆ ಇಟ್ಟು ನೋಡಿದವರು ಯಾರೂ ಇಲ್ಲ."

"ಇರಬಹುದು," ಎಂದರು ಸಾಹೇಬರು, ತುಂಬ ಸೌಜನ್ಯದಿಂದ. "ಆದರೆ ಅದು ಸರಿಯೋ ತಪ್ಪೋ ಎಂದು ಹೇಳುವವರಿಗೆ ಎರಡೂ ಭಾಷೆ ಬರಬೇಕಲ್ಲ."

ಎರಡೂ ಬರುತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ನಾನು ಪ್ರೊಫೆಸರರ ಕಡೆ ನೋಡಿದೆ. ಅವರು ಹೊರಗೆ ಮಾಲಿ ಗಿಡಕ್ಕೆ ನೀರು ಹಾಕುವುದನ್ನು ನೋಡುತ್ತಿದ್ದರು. ಪಂಡಿತರು ಕೊನೆಗೆ ಇನ್ನೊಂದು ಪ್ರಶ್ನೆ ಕೇಳಿದರು: "ಹೆಣ್ಣುಮಕ್ಕಳು ಈ ಸ್ಪ್ಯಾನಿಶ್ ಕಟ್ಟಿಕೊಂಡು ಏನ್ ಮಾಡ್ತೀರಿ?" ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇವತ್ತಿಗೂ ಇಲ್ಲ. ಗಂಡುಮಕ್ಕಳನ್ನು ಆ ಪ್ರಶ್ನೆ ಯಾರೂ ಕೇಳದ ಕಾರಣ ಅವರ ಉತ್ತರವೂ ತಿಳಿಯದು.

ಪ್ರಬಂಧ ತಿರಸ್ಕೃತವಾಯಿತು. ಹೆಚ್ಚು ಸೂಕ್ತವಾದ ವಿಷಯದ ಮೇಲೆ ಮತ್ತೆ ಬರೆಯಬಹುದು ಎಂದಿದ್ದರು. "ಈ ವಿಷಯ ಕಷ್ಟ ಅಂತ ನಾನು ಮೊದಲೇ ಹೇಳಿದ್ದೆ," ಎಂದರು ಪ್ರೊಫೆಸರರು. ಅವರು ಹೇಳಿರಲಿಲ್ಲ. "ಸ್ಪ್ಯಾನಿಶ್ ತೆಗೆದು ಮರಾಠಿ ಹಾಕು. ಒಂದು ವರ್ಷದಲ್ಲಿ ಆಗುತ್ತದೆ." ಪಾದ್ರಿಗಳು ನನ್ನ ತಲೆಯ ಮೇಲೆ ಕೈಯಿಟ್ಟು, ದೇವರು ಕೆಲವರಿಗೆ ಪಾತ್ರೆಯನ್ನು ಖಾಲಿಯಾಗಿಯೇ ಕೊಡುತ್ತಾನೆ ಎಂದೇನೋ ಹೇಳಿದರು. ಅವತ್ತು ಆ ಕೈ ಭಾರವೆನಿಸಿತು. ಸ್ವಲ್ಪ ದಿನದಲ್ಲೇ ಅವರನ್ನು ಗುಜರಾತದ ಕಡೆ ಕಳಿಸಿದರು.

ಮನೆಯಲ್ಲಿ ವಿಷಯ ಹೇಳಿದಾಗ ಅಪ್ಪ ಮೂಗಿನ ಮೇಲಿನ ಚಷ್ಮಾ ತೆಗೆದು ಒರೆಸುತ್ತ ಕೂತರು. ಮುಂದಿನ ಸಂಕ್ರಾಂತಿಗೆ ಎಳ್ಳು ಕೊಡಲು ಹೋದ ಮನೆಯಲ್ಲಿ ಆ ಮನೆಯಾಕೆ ನನ್ನ ಕೈ ಹಿಡಿದರು.

"ಎಂ.ಎ. ಆತಂತಲ್ಲ. ನಿಮ್ಮಪ್ಪಾರು ಹೇಳಿದ್ರು. ಭಾಳ ಛಲೋ ಆತು ನೋಡವಾ."

ನಾನು ಎಳ್ಳಿನ ಪೊಟ್ಟಣವನ್ನು ಅವರ ಕೈಗಿಟ್ಟು ಹೊರಬಂದೆ. ಹೊರಗೆ ಕಾಯುತ್ತಿದ್ದ ಅಪ್ಪನನ್ನು ದಾರಿಯಲ್ಲಿ ಕೇಳಿದೆ.

"ಯಾಕಪ್ಪಾ ಹಂಗ ಹೇಳಿದಿ?"

ಅವರು ನನ್ನ ಮುಖ ನೋಡದೆ ನಡೆದರು. "ನೀ ಎಲ್ಲಾ ಓದೀಯಲ್ಲ? ಬರದೀಯಲ್ಲ? ಅವರಿಗೆ ತಿಳೀಲಿಲ್ಲಂದ್ರ ನಿಂದೇನ ತಪ್ಪು? ನನ್ನ ಲೆಕ್ಕದಾಗ ನಿಂದು ಎಂ.ಎ. ಆಗೇದ."

ಇದನ್ನು ಪ್ರೀತಿ ಎನ್ನುವವರು ಎನ್ನಲಿ. ಸೋತದ್ದನ್ನು ಸೋತೆ ಎಂದು ಬಾಯಿಬಿಟ್ಟು ಅಳುವುದಕ್ಕೂ ನನಗೆ ಜಾಗ ಉಳಿಯಲಿಲ್ಲ. ಎದುರಾದವರೆಲ್ಲ ಅಭಿನಂದನೆ ಹೇಳುತ್ತಿದ್ದರು. ಮರಾಠಿ ಹಾಕಿ ಮತ್ತೆ ಬರೆಯಲೂ ಆಗಲಿಲ್ಲ. ಪಾಸಾದವಳು ಮತ್ತೆ ಪರೀಕ್ಷೆಗೆ ಹೇಗೆ ಕೂಡಬೇಕು?

ಯುದ್ಧ ಮುಗಿಯುವ ಹೊತ್ತಿಗೆ ಸೊಲ್ಲಾಪುರದ ಕಡೆಯ ವರ ಗೊತ್ತಾಯಿತು, ರೈಲ್ವೆ ಕಚೇರಿಯವರು. ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ನೋಡಿದೆ, ನನ್ನ ಹೆಸರಿನ ಮುಂದೆ ಎಂ.ಎ. ಎಂದಿತ್ತು. ತೆಗೆಸು ಎಂದರೆ ಅಪ್ಪ, "ಹಂಚಿ ಆತವಾ," ಎಂದರು. ವರ ಮನೆಗೆ ಬಂದ ದಿನ, ಹೊರಗಿನ ಕೋಣೆಯಲ್ಲಿ ಇಬ್ಬರೇ ಇದ್ದಾಗ, ಸಂಬಂಧ ಮುರಿದರೆ ಮುರಿಯಲಿ ಎಂದು ಗಟ್ಟಿಮನಸ್ಸು ಮಾಡಿ ಹೇಳಿದೆ.

"ಪತ್ರಿಕಾದಾಗ ಬರದದ್ದು ಖರೆ ಅಲ್ಲರಿ. ನನ್ನ ಪ್ರಬಂಧ ಪಾಸಾಗಲಿಲ್ಲ. ನಾ ಎಂ.ಎ. ಆಗಿಲ್ಲ."

ಅವರು ಚಹದ ಬಸಿ ಕೆಳಗಿಟ್ಟು ನಕ್ಕರು. ಕೆಟ್ಟ ನಗೆಯಲ್ಲ. "ಇರಲಿ ಬಿಡ್ರಿ. ಇದ್ರೇನು, ಇರದಿದ್ರೇನು. ಯಾರು ನೋಡ್ಲಿಕ್ಕೆ ಹೋಗ್ತಾರ?"

ಏನು ವಿಷಯ ಎಂದು ಕೇಳುತ್ತಾರೇನೋ ಎಂದು ಕಾದೆ. ಕೇಳಲಿಲ್ಲ. ಆ ಪರೀಕ್ಷೆಯ ಕೋಣೆಯಲ್ಲಿ ಕೂಡ ನನಗೆ ಅಷ್ಟು ನೋವಾಗಿರಲಿಲ್ಲ. ಅಲ್ಲಿ ನನ್ನನ್ನು ಬೇಡ ಎನ್ನಲಾದರೂ ಇಬ್ಬರು ಕೂತು ಓದಿದ್ದರು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ತವರಿಗೆ ಬಂದವಳು ಒಮ್ಮೆ ಕ್ಯಾಂಪಿನ ಚರ್ಚಿಗೆ ಹೋದೆ. ಪಡಸಾಲೆಯಲ್ಲಿ ಹೊಸ ಪಾದ್ರಿಯೊಬ್ಬರಿದ್ದರು, ಚಿಕ್ಕ ವಯಸ್ಸು, ಅವರೂ ಸ್ಪೇನಿನವರೇ. ನಮ್ಮ ಫಾದರ್ ಗುಜರಾತದಲ್ಲೇ ತೀರಿಕೊಂಡರೆಂದು ಹೇಳಿದರು. ಆಮೇಲೆ ಕುತೂಹಲದಿಂದ ಕೇಳಿದರು, "ಅವರ ಹತ್ತಿರ ನೀವು ಏನು ಕಲಿತಿರಿ? ಸ್ಪ್ಯಾನಿಶ್ ಬರುತ್ತದೆಯೇ?"

ಪುಣೆಯಲ್ಲಿ ಆ ಭಾಷೆಯಲ್ಲಿ ನನ್ನ ಜೊತೆ ಮಾತಾಡಬಲ್ಲ ಇನ್ನೊಬ್ಬ ಮನುಷ್ಯ ಎದುರಿಗೇ ನಿಂತಿದ್ದರು.

"ಇಲ್ಲ," ಎಂದೆ. "ಫ್ರೆಂಚ್, ಅದೂ ಸ್ವಲ್ಪ."