ಬೆಟ್ಟದ ಟೀ, ಹೋದ ಮೂಗು

ನಾನು ಅಡುಗೆಯವನು. ಮನೆ ಮಧುಗಿರಿಯಲ್ಲಿ. ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಮದುವೆ ಗೃಹಪ್ರವೇಶವಿದ್ದರೂ ಹೆಂಡತಿಯನ್ನು ಕರೆದುಕೊಂಡು, ಪಾತ್ರೆ ಸೌಟು ಹೊತ್ತುಕೊಂಡು ಹೋಗುವುದು ನಮ್ಮ ಕೆಲಸ. ದೇವರಿಗೆ ಎಡೆ ಇಡುವ ತನಕ ನಾನು ಮಾಡಿದ ಅಡುಗೆಯ ಒಂದು ಹನಿಯನ್ನೂ ನಾನು ನಾಲಿಗೆಗೆ ಮುಟ್ಟಿಸುವಂತಿಲ್ಲ. ಉಪ್ಪು ಹಿಡಿಯಿತೋ, ಹುಳಿಯ ಹಸಿ ವಾಸನೆ ಹೋಯಿತೋ, ರವೆ ಹದಕ್ಕೆ ಹುರಿದಾಯಿತೋ, ಎಲ್ಲವನ್ನೂ ಮೂಗೇ ಹೇಳಬೇಕು. ನನ್ನ ಮೂಗಿನ ಬಗ್ಗೆ ನನಗೆ ಕೊಬ್ಬಿತ್ತು, ಸುಳ್ಳೇಕೆ ಹೇಳಲಿ. ಅದನ್ನು ಇಳಿಸಲು ಒಂದು ಜ್ವರ ಸಾಕಾಯಿತು. ಜ್ವರ ಬಿಟ್ಟಿತು, ವಾಸನೆ ಮಾತ್ರ ವಾಪಸ್ಸು ಬರಲಿಲ್ಲ.

ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಮೂಗಿಲ್ಲದ ಅಡುಗೆಯವನನ್ನು ಯಾರು ಕರೆಯುತ್ತಾರೆ? ಕೈಯಂದಾಜಿನ ಮೇಲೆ ದಿನ ತಳ್ಳುತ್ತಿದ್ದೆ. ಪಂಕ್ತಿಯಲ್ಲಿ ಮೊದಲ ತುತ್ತು ಬಾಯಿಗಿಟ್ಟವರ ಮುಖವನ್ನು ಕಂಬದ ಮರೆಯಿಂದ ನೋಡುತ್ತ ನಿಲ್ಲುತ್ತಿದ್ದೆ. ಯಾರಾದರೂ ತಕ್ಷಣ ನೀರಿನ ಲೋಟಕ್ಕೆ ಕೈ ಹಾಕಿದರೆ ಜೀವ ಬಾಯಿಗೆ ಬರುತ್ತಿತ್ತು.

ಹೀಗಿರುವಾಗ ಶಿರಾದ ಎಣ್ಣೆ ಗಿರಣಿಯ ಯಜಮಾನರೊಬ್ಬರು ಮಗಳ ಮದುವೆಯ ಅಡುಗೆಗೆ ಮಾತಾಡಲು ಕರೆಸಿದರು. ಹೊಸ ಯಂತ್ರ ನೋಡಲೆಂದು ತೈವಾನಿಗೆ ಹೋಗಿದ್ದವರು ಅಲ್ಲಿಂದ ಎತ್ತರದ ಬೆಟ್ಟದ ಊಲಾಂಗ್ ಟೀ ತಂದಿದ್ದರು. ಊಟವಾದ ಮೇಲೆ ಬೀಗರ ಕಡೆಯ ಹಿರಿಯರಿಗೆ ಅದನ್ನೇ ಕೊಡಬೇಕೆಂದು ಅವರ ಆಸೆ. ಹಾಲಿಲ್ಲ, ಸಕ್ಕರೆಯಿಲ್ಲ, ಒಲೆಯ ಮೇಲಿಟ್ಟು ಕುದಿಸುವಂತೆಯೂ ಇಲ್ಲ. ಅದೆಂಥ ಸುಡುಗಾಡು ಟೀ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮಾಡುವುದನ್ನು ಸೊಸೆಯಿಂದ ಕಲಿತುಕೊಂಡು ಹೋಗಿ ಎಂದು ಹೇಳಿ ಯಜಮಾನರು ಗಿರಣಿಗೆ ನಡೆದರು.

ಸೊಸೆ ಪಾವಗಡದ ಕಡೆಯವಳು, ಹೆಚ್ಚು ಮಾತಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಮುಚ್ಚಳವಿರುವ ಪುಟ್ಟ ಪಿಂಗಾಣಿ ಬಟ್ಟಲು ಇಟ್ಟಳು. ಎಲೆಯನ್ನು ಅಂಗೈಗೆ ಸುರಿದುಕೊಂಡು ತೋರಿಸಿದಳು. ಕಡಲೆಕಾಳಿನಷ್ಟು ದಪ್ಪ, ಗಟ್ಟಿಯಾಗಿ ಸುತ್ತಿಕೊಂಡ ಹಸಿರು ಉಂಡೆಗಳು. ಮೋಡ ಕವಿದ ಚಳಿಯ ಬೆಟ್ಟದಲ್ಲಿ ಗಿಡ ನಿಧಾನಕ್ಕೆ ಬೆಳೆಯುತ್ತದಂತೆ. ಅದಕ್ಕೇ ಎಲೆ ದಪ್ಪ, ಕಹಿ ಕಡಿಮೆ. ಬೋರಿನ ಗಡಸು ನೀರು ಇದಕ್ಕೆ ಆಗುವುದಿಲ್ಲ ಎಂದು ಕ್ಯಾನಿನ ನೀರು ಕಾಯಿಸಿದಳು. ಆಮೇಲೆ ಅವಳು ಹೇಳಿದ್ದು ನೇರ ನನಗೇ ತಗುಲಿತು. ಈ ಟೀಗೆ ಮೂಗೇ ಮುಖ್ಯ, ಪ್ರತಿ ಸಲ ಬಸಿದಾಗಲೂ ಮುಚ್ಚಳ ಮೂಸಿ ನೋಡಬೇಕು. ಹೂವಿನ ಪರಿಮಳ ಬಂದರೆ ಹದ, ಬೆಂದ ಸೊಪ್ಪಿನ ವಾಸನೆ ಬಂದರೆ ಹೊತ್ತು ಮೀರಿತು ಎಂದರ್ಥ.

ತಪ್ಪಿಸಿಕೊಳ್ಳುವುದು ಹೇಗೆ ಎಂದು ನೆಲ ನೋಡುತ್ತ ನಿಂತಿದ್ದೆ. ನೀರು ಸುರಿದ ಸದ್ದಾಯಿತು, ಚೆಲ್ಲಿದ ಸದ್ದಾಯಿತು. ಅವಳು ಏನಾದರೂ ಕೇಳುವ ಮೊದಲೇ ಮುಚ್ಚಳ ಎತ್ತಿ ಮೂಗಿಗೆ ಹಿಡಿದೆ. ಆಹಾ, ಅಪ್ಪಟ ಮಲ್ಲಿಗೆ ಕಣವ್ವ ಎಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಮುಚ್ಚಿಕೊಂಡಿದ್ದ ತನ್ನ ಅಂಗೈ ಬಿಚ್ಚಿದಳು. ಉಂಡೆಗಳೆಲ್ಲ ಅಲ್ಲೇ ಇದ್ದವು.

"ಅಯ್ನೋರೇ, ಎಲೆ ಇನ್ನೂ ಹಾಕೇ ಇಲ್ಲ. ಬಟ್ಲು ಬಿಸಿಯಾಗ್ಲಿ ಅಂತ ಬರೀ ನೀರು ಬುಟ್ಟಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಕ್ಕದ ಕೋಣೆಯಲ್ಲಿ ಅವಳ ಅತ್ತೆ ಟಿವಿ ನೋಡುತ್ತಿದ್ದರು. ಇವಳು ಒಂದು ಕೂಗು ಹಾಕಿದ್ದರೆ ಅಲ್ಲಿಗೆ ನನ್ನ ಕಥೆ ಮುಗಿಯುತ್ತಿತ್ತು. ಊರ ಬಾಯಿಗೆ ಯಾರು ಮುಚ್ಚಳ ಹಾಕುತ್ತಾರೆ?

ಅವಳು ಕೂಗಲಿಲ್ಲ. ಎಲೆ ಹಾಕಿ, ಮೊದಲ ನೀರನ್ನು ತೊಳೆದಂತೆ ಚೆಲ್ಲಿ, ಮತ್ತೆ ನೀರು ಸುರಿದು ಕಾದಳು. ಉಂಡೆಗಳು ಮೆಲ್ಲಗೆ ಬಿಚ್ಚಿಕೊಂಡು ತೊಟ್ಟು ಸಮೇತ ಎಲೆಯಾದವು. ತಿಳಿಹೊನ್ನಿನ ಬಣ್ಣದ ಟೀಯನ್ನು ಪುಟ್ಟ ಕಪ್ಪಿಗೆ ಬಸಿದು ಕೊಟ್ಟಳು. ನಾಲಿಗೆಯ ಮೇಲೆ ಗಂಜಿ ತಿಳಿಯಂತೆ ನುಣ್ಣಗೆ ಜಾರಿತು, ಅಷ್ಟೇ. ನುಂಗಿ ಸ್ವಲ್ಪ ಹೊತ್ತಾದ ಮೇಲೆ ಗಂಟಲಿನಿಂದ ಸಣ್ಣಗೆ ಸಿಹಿ ಎದ್ದಿತು. ಜ್ವರ ಬಂದು ಹೋದಾಗಿನಿಂದ ನನ್ನ ಬಾಯಿಗೆ ಅಂಥದ್ದೊಂದು ಸಿಕ್ಕಿರಲಿಲ್ಲ. ಕಣ್ಣು ತುಂಬಿತು. ಗಂಟಲಲ್ಲಿ ಸಿಹಿ ಬಂತವ್ವ, ಪರಿಮಳ ಮಾತ್ರ ಇಲ್ಲ, ಎಷ್ಟೋ ತಿಂಗಳಿಂದ ಇಲ್ಲ ಎಂದು ಇದ್ದದ್ದನ್ನು ಹೇಳಿಬಿಟ್ಟೆ. ಮದುವೆಯ ದಿನ ಟೀ ತಾನೇ ಮಾಡುತ್ತೇನೆ, ಮಾವನಿಗೆ ಏನೂ ಹೇಳುವುದಿಲ್ಲ ಎಂದಳು. ಮನೆಯಲ್ಲಿ ಗೊತ್ತೇ ಎಂದು ಕೇಳಿದಳು. ಇಲ್ಲವೆಂದೆ.

"ಗ್ಯಾಸು ಸೋರಿದ್ರೆ ನಿಮ್ಗೆ ಹೆಂಗೆ ಗೊತ್ತಾಗುತ್ತೆ?"

ಅನ್ನ ಹೋಗುತ್ತದೆ, ಮಾನ ಹೋಗುತ್ತದೆ ಎಂದೇ ಹೆದರಿಕೊಂಡಿದ್ದ ಪ್ರಾಣಿ ನಾನು, ಇದನ್ನು ಯೋಚಿಸಿಯೇ ಇರಲಿಲ್ಲ. ಹೆಂಡತಿಗೆ ಹಿಂದಿನ ದಿನದಿಂದ ನೆಗಡಿ, ಮೂಗು ಕಟ್ಟಿತ್ತು. ಬೆಳಿಗ್ಗೆ ಹಾಲು ಕಾಯಿಸಿದವನು ನಾನೇ. ಆಮೇಲೆ ಗ್ಯಾಸು ಸರಿಯಾಗಿ ಬಂದು ಮಾಡಿದ್ದೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಬಸ್ಸಿನಲ್ಲಿ ಕೂತು ಹೆಂಡತಿಗೆ ಮತ್ತೆ ಮತ್ತೆ ಫೋನು ಮಾಡಿದೆ. ಎತ್ತಲಿಲ್ಲ. ಹಾಳಾದ ಡ್ರೈವರ್ ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲಿಸುತ್ತಿದ್ದ. ಪಕ್ಕದವರು ಏನು ಅಯ್ನೋರೇ ಹುಷಾರಿಲ್ಲವೇ ಎಂದು ನೀರು ಕೊಟ್ಟರು, ಕುಡಿಯದೆ ಮತ್ತೆ ಫೋನು ಒತ್ತಿದೆ. ಮಧುಗಿರಿಯಲ್ಲಿ ಇಳಿದವನು, ಈ ವಯಸ್ಸಿನಲ್ಲಿ, ಮನೆಯ ತನಕ ಓಡಿದೆ.

ಬಾಗಿಲು ತೆರೆದಿತ್ತು. ಹೆಂಡತಿ ಒಲೆಯ ಮುಂದೆ ಲೈಟರ್ ಹಿಡಿದು ನಿಂತಿದ್ದಳು. ಹಚ್ಚಬೇಡ ಎಂದು ಕಿರುಚಿ ರಟ್ಟೆ ಹಿಡಿದು ಬೀದಿಗೆ ಎಳೆದುಕೊಂಡು ಬಂದೆ. ಅವಳು ಬೆಚ್ಚಿಬಿದ್ದಿದ್ದಳು. ಫೋನು ಚಾರ್ಜಿಗೆ ಹಾಕಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ. ಗ್ಯಾಸು ಸೋರುತ್ತಿರಬಹುದು ಎಂದು ತೊದಲಿದೆ.

"ನಂಗೆ ಮೂಗು ಕಟ್ಟೈತೆ. ನೀವೇ ನೋಡಿ, ನಿಮ್ ಮೂಗಿಗಿಂತ ಬೇರೆ ಬೇಕಾ?"

ನಾನು ಒಳಗೆ ಹೋಗಲಿಲ್ಲ. ಎದುರು ಮನೆಯ ಅಕ್ಕನನ್ನು ಕೂಗಿ, ಸ್ವಲ್ಪ ವಾಸನೆ ನೋಡಿ ಎಂದು ಬೇಡಿಕೊಂಡೆ. ನನ್ನ ಕಿರುಚಾಟಕ್ಕೆ ಬೀದಿಯವರೆಲ್ಲ ಹೊರಗೆ ಬಂದಿದ್ದರು. ಆಕೆ ಹೊಸ್ತಿಲಲ್ಲಿ ನಿಂತು ಮೂಸಿದಳು, ಒಳಗೆ ಹೋಗಿ ಮೂಸಿದಳು, ಒಲೆಯ ನಾಬು ಮುಟ್ಟಿ ನೋಡಿ ಹೊರಗೆ ಬಂದಳು. ಎಲ್ಲ ಬಂದಾಗಿದೆ, ಏನೂ ಇಲ್ಲ ಎಂದಳು. ನಾನು ಜಗುಲಿಯ ಮೇಲೆ ಕೂತೆ.

"ಊರಿಗೆಲ್ಲ ಹದ ಹೇಳೋ ಮೂಗು ನಿಮ್ದು. ನನ್ನ ಯಾಕೆ ಕರೆದ್ರಿ ಅಯ್ನೋರೇ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಲೆನೋವು, ಬಿಸಿಲು, ಏನಾದರೂ ಹೇಳಬಹುದಿತ್ತು. ಹೆಂಡತಿ ಲೈಟರನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡಿದ್ದಳು.

"ನನ್ನ ಮೂಗು ಹೋಗೈತೆ ಕಣಕ್ಕ," ಎಂದೆ. ಬೀದಿಯವರ ಜೊತೆಗೆ ನಿಂತು ನನ್ನ ಹೆಂಡತಿಯೂ ಅದನ್ನು ಮೊದಲ ಸಲ ಕೇಳಿದಳು.