ನನ್ನ ಮೂರು ಮಲೇರಿಯಾಗಳು

ನನಗೆ ಮೂರು ಸಲ ಮಲೇರಿಯಾ ಬಂದಿತ್ತು. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಿಜವೋ ಬರೀ ಅಭ್ಯಾಸವೋ ಎಂದು ಕೇಳಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ತಂಗಿಯ ಮಗಳು ಸೂಜಿ ಹಿಡಿದುಕೊಂಡು ಆಲೆಟ್ಟಿಯ ನಮ್ಮ ಮನೆಗೆ ಬಂದಳು.

ಅವಳು ಸಂಶೋಧಕಿ. ಒಮ್ಮೆ ಮಲೇರಿಯಾ ಬಂದವರ ರಕ್ತವನ್ನು ಮತ್ತೆ ಮತ್ತೆ ಬಂದವರ ರಕ್ತದೊಡನೆ ಹೋಲಿಸುವುದು ಅವಳ ಕೆಲಸ. ಆ ದಿನ ರಕ್ತ ಕೊಡಲು ಒಪ್ಪಿಕೊಂಡಿದ್ದ ಗುತ್ತಿಗಾರಿನವರೊಬ್ಬರು ತೋಟಕ್ಕೆ ಆನೆ ನುಗ್ಗಿತೆಂದು ಕೈಕೊಟ್ಟಿದ್ದರು. ಮತ್ತೆ ಮತ್ತೆ ಬಂದವರಲ್ಲಿ ಒಬ್ಬರು ಕಡಿಮೆ, ಗಡುವು ಅಂದೇ ಮುಗಿಯುತ್ತಿತ್ತು. ಸಂಜೆಯೊಳಗೆ ರಕ್ತ ಪ್ರಯೋಗಾಲಯ ಮುಟ್ಟದಿದ್ದರೆ ಅವಳ ಹೋಲಿಕೆ ಅರ್ಧಕ್ಕೇ ನಿಲ್ಲುತ್ತಿತ್ತು.

ನಾನು ಅಂಗಿಯ ತೋಳು ಮಡಚಿದೆ. "ಎಂತ ಹುಡುಕುದು ನೀನು ಇದರಲ್ಲಿ?"

"ಗಾಮಾ ಡೆಲ್ಟಾ ಅಂತ ಒಂದು ಬಗೆಯ ಟಿ ಕೋಶ, ಮಾವ, ರಕ್ತದಲ್ಲಿ ರೋಗದ ಜೊತೆ ಹೋರಾಡುವಂಥದ್ದು. ಬೇರೆ ಟಿ ಕೋಶಗಳಿಗೆ ರೋಗಾಣುವಿನ ತುಂಡು ಹಿಡಿದು ಯಾರಾದ್ರೂ ತೋರಿಸ್ಬೇಕು. ಇವಕ್ಕೆ ಅದು ಬೇಡ. ಮಲೇರಿಯಾ ಹೊಕ್ಕ ರಕ್ತಕಣದಿಂದ ಸಣ್ಣ ರಾಸಾಯನಿಕದ ಸುಳಿವು ಸಿಕ್ಕಿದ್ರೆ ಸಾಕು, ನುಗ್ಗುದೇ."

"ನನ್ನ ಹಾಗೆ."

"ಮೊದಲ ಸಲ ಭಾರೀ ಗಲಾಟೆ ಮಾಡ್ತವೆ. ಜ್ವರ ಏರುದರಲ್ಲಿ ಇವುಗಳ ಪಾಲೂ ಉಂಟು. ಮತ್ತೆ ಮತ್ತೆ ಬಂದ್ರೆ ಕೆಲವರಲ್ಲಿ ಇವು ಕಡಿಮೆಯಾಗ್ತವೆ, ಉಳಿದವೂ ಸುಮ್ಮನಾಗ್ತವೆ. ಜ್ವರವೂ ಅಷ್ಟು ಜೋರಿರುದಿಲ್ಲ. ಸೋತು ಸುಮ್ಮನಾದದ್ದಾ, ಹೊಂದಿಕೊಂಡದ್ದಾ, ಅದೇ ಪ್ರಶ್ನೆ."

"ನಿನ್ನ ಮಾವನ ಜೊತೆ ಇದ್ದು ಇದ್ದು ನಾನಾದ ಹಾಗೆ," ಎಂದಳು ಜಗಲಿಯಲ್ಲಿ ಅಲಸಂಡೆ ಮುರಿಯುತ್ತಿದ್ದ ಹೆಂಡತಿ.

ಸೋದರಸೊಸೆ ಫಾರ್ಮು ತೆಗೆದಳು. "ಮೊದಲನೇದು?"

"ಕಬಕದ ಬಾಡಿಗೆ ಮನೆ. ಮದುವೆಯಾದ ವರ್ಷ."

"ಅದು ಸರಿ," ಹೆಂಡತಿ ಒಪ್ಪಿದಳು. "ಇಬ್ಬರಿಗೂ ಬಂದಿತ್ತು."

"ಎರಡನೇದು ಇಲ್ಲೇ. ತೊಟ್ಟಿಯ ಮೀನು ಹೇಗೋ ಸತ್ತುಹೋದ ವರ್ಷ. ಹಲ್ಲು ಕಡಿಯುವ ಚಳಿ. ಕೆಂಪು ಅಂಚಿನ ಮೂರು ಕಂಬಳಿ ಹೊದೆಸಿದ್ರು."

ಅಲಸಂಡೆ ಮುರಿಯುವುದು ನಿಂತಿತು. "ಕಂಬಳಿಯ ಒಳಗೆ ಇದ್ದದ್ದು ಯಾರು, ಮಾರಾಯ್ರೆ?"

ಕಂಬಳಿಗಳು ನನಗೆ ಈಗಲೂ ಕಾಣುತ್ತವೆ. ಆದರೆ ಅವಳು ಕೇಳಿದ ಮೇಲೆ ಗೊತ್ತಾಯಿತು, ಅವು ಕಾಣುವುದು ಹೊರಗಿನಿಂದ. ನನ್ನ ನೆನಪಿನಲ್ಲಿ ನಾನು ಮಂಚದ ಪಕ್ಕ ನಿಂತಿದ್ದೇನೆ.

"ಹದಿನಾಲ್ಕು ದಿನ ಮಾತ್ರೆ ತಿಂದದ್ದು ನಾನು," ಹೆಂಡತಿ ಮುಂದುವರಿಸಿದಳು. " ನನ್ನ ಗಂಜಿಯಲ್ಲಿ ಅರ್ಧ ತಿಂದದ್ದು ನೀವು. ಮತ್ತೆ ನಿಮ್ಮ ಆ ಮೂರನೇದು, ಗುತ್ತಿಗಾರಿನ ನನ್ನ ತವರಿನಲ್ಲಿ ಬಂದದ್ದು, ಅದು ಇಲಿಜ್ವರ."

"ಒಂದು ಸಲದವರು ನನ್ನ ಹತ್ರ ಬೇಕಾದಷ್ಟು ಇದ್ದಾರೆ, ಮಾವ," ಎಂದು ಸೊಸೆ ಮರ್ಯಾದೆಯಿಂದಲೇ ಹೇಳಿ ಅತ್ತ ತಿರುಗಿದಳು. "ಅತ್ತೆ, ನಿಮಗೆ ಎರಡು ಸಲ."

"ನನಗೆ ಸೂಜಿ ಆಗುದಿಲ್ಲ."

ಸೊಸೆ ಗಡಿಯಾರ ನೋಡಿದಳು. ಹೆಂಡತಿ ಅವಳ ಮುಖ ನೋಡಿದಳು. "ಕೊಡ್ತೇನೆ. ಮೀನು ಹೇಗೆ ಸತ್ತದ್ದು ಅಂತ ನಿನ್ನ ಮಾವ ಮೊದಲು ಹೇಳಲಿ."

ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಕಾರ್ಯಕರ್ತೆ ನಮ್ಮ ನೀರಿನ ತೊಟ್ಟಿಗೆ ಗಪ್ಪಿ ಮೀನು ಬಿಟ್ಟಿದ್ದರು. ಅಡಕೆಗೆ ಕೊಳೆರೋಗದ ಮದ್ದು ಬಿಡುವ ದಿನ ಮೈಲುತುತ್ತೆಂಬ ನೀಲಿ ವಿಷವನ್ನು ಡ್ರಮ್ಮಿನಲ್ಲಿ ಕರಗಿಸಬೇಕು. ಡ್ರಮ್ಮು ಹೊರಲು ಸೋಮಾರಿತನವಾಗಿ ನಾನು ತೊಟ್ಟಿಯಲ್ಲೇ ಕರಗಿಸಿದೆ. ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ತೊಟ್ಟಿ ತೊಳೆದು ಹೊಸ ನೀರು ತುಂಬಿಸಿದೆ, ಹೊಸ ಮೀನು ನಾಳೆ ತರುತ್ತೇನೆಂದೆ. ಆ ನಾಳೆ ಬರುವ ಮೊದಲು ಹೆಂಡತಿಗೆ ಜ್ವರ ಬಂತು. ಅವಳನ್ನು ಕಚ್ಚಿದ ಸೊಳ್ಳೆ ಅಲ್ಲಿಯದೇ ಎಂದು ಯಾರೂ ಹೇಳಲಾರರು. ಜ್ವರವನ್ನೇ ನನ್ನದಾಗಿ ಮಾಡಿಕೊಂಡ ಮೇಲೆ ಮೀನಿನ ವಿಷಯ ಕೇಳುವವರೂ ಇರಲಿಲ್ಲ.

ಇಷ್ಟನ್ನೂ ಹೇಳಿದೆ.

"ಇದಕ್ಕೆ ಫಾರ್ಮಿನಲ್ಲಿ ಜಾಗ ಇಲ್ಲ ಅತ್ತೆ."

"ಅಂಚಿನಲ್ಲಿ ಉಂಟಲ್ಲ. ಬರಿ," ಎಂದು ಹೆಂಡತಿ ಮುಖ ಆಚೆ ತಿರುಗಿಸಿ ಕೈ ಚಾಚಿದಳು. ಸೂಜಿ ಚುಚ್ಚುವಾಗ, ಇನ್ನೂ ಮಡಚಿಯೇ ಇದ್ದ ಅಂಗಿಯ ಕೆಳಗಿನ ನನ್ನ ತೋಳನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ಉಗುರಿನ ಗುರುತು ಎರಡು ದಿನ ಇತ್ತು. ನಾಲ್ಕು ದಿನ ಎಂದು ಈಗಾಗಲೇ ಇಬ್ಬರಿಗೆ ಹೇಳಿದ್ದೇನೆ.