ಖಾಲಿ ಓಡಿದ ಬಸ್ಸಿನ ಸುದ್ದಿ

ಪುಕ್ಕಟೆ ಪ್ರಯಾಣ ಮಾಡುವವರು ಬಸ್ಸಿಗೆ ಬಹಿಷ್ಕಾರ ಹಾಕಿದರೆ ಸರ್ಕಾರಕ್ಕೇನು ನಷ್ಟ? ಅಕ್ಕ ಫೋನಿನಲ್ಲಿ ಕೇಳಿದಾಗ ನಾನು ಬಳ್ಳಾರಿಯ ಪಾರ್ವತಿನಗರದ ಮನೆಯಲ್ಲಿ ಕೆಲಸಕ್ಕೆ ಹೊರಟಿದ್ದೆ. ಇಪ್ಪತ್ತು ವರ್ಷದಿಂದ ನಾನು ಪತ್ರಿಕೆಯ ವರದಿಗಾರ; ಬಂದು ನೋಡಿಯೇ ಹೇಳುತ್ತೇನೆ ಎಂದೆ.

ಅವಳ ಊರು ಕರೂರಿನ ಆಚೆ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ. ಎಂಟಕ್ಕೆ ಗೇಟು ಹಾಕುತ್ತಾರೆ. ಏಳರ ಬಸ್ಸನ್ನು ಕುರುಗೋಡಿನ ಕಡೆ ತಿರುಗಿಸಿದ ಮೇಲೆ ಊರಿಗೆ ಉಳಿದದ್ದು ಒಂಬತ್ತರದೊಂದೇ. ಟಂಟಂ ಆಟೊ ತುಂಬದೆ ಹೊರಡುವುದಿಲ್ಲ. ಅಕ್ಕ ಎರಡು ಸಲ ಗೇಟಿನಿಂದ ವಾಪಸಾಗಿದ್ದಳು. ಇನ್ನೊಂದು ಸಲ ತಡವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಮೇಸ್ತ್ರಿ ಹೇಳಿದ್ದ. ಏಳರದು ಮತ್ತೆ ಬೇಕೆಂದು ಸಾರಿಗೆ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ. ಏಳರ ಬಸ್ಸು ಮತ್ತೆ ಬರುವ ತನಕ ಒಂಬತ್ತರದನ್ನೂ ಹತ್ತುವುದಿಲ್ಲ ಎಂದು ಹೆಂಗಸರೆಲ್ಲ ತೀರ್ಮಾನಿಸಿದರು. ಗಂಡಸರು ಹೇಗೂ ಬೈಕಿನಲ್ಲೇ ಓಡಾಡುವವರು.

ಗಿರಣಿಗೆ ರಜೆಯಿದ್ದ ದಿನ ನೋಡಲು ಅಕ್ಕನ ಊರಿಗೆ ಹೋದೆ. ಒಂಬತ್ತರ ಬಸ್ಸು ಬಂದು ನಿಂತಿತು. ಅಲ್ಲಿ ಸೇರಿದ್ದ ಹೆಂಗಸರು ಯಾರೂ ಅಲುಗಲಿಲ್ಲ.

“ಹತ್ರವ್ವಾ, ಟೈಮಾತು,” ಎಂದ ಕಂಡಕ್ಟರ್.

ಬೇವಿನ ಗಿಡದ ಕೆಳಗಿದ್ದ ಮುದುಕಿ ನಕ್ಕಳು. “ಪುಕ್ಕಟೆ ಹತ್ತೋರು ಹತ್ತಲಿಲ್ಲಂದ್ರ ಇವಂಗೇನ್ ಲುಕ್ಸಾನು? ಕಾಲು ಚಾಚಿ ಕುಂದ್ರತಾನ.”

“ಲುಕ್ಸಾನೈತೆಮ್ಮಾ. ನಿಮ್ಮ ಫ್ರೀ ಟಿಕೆಟ್ ತೋರಿಸೇ ನಿಗಮದೋರು ಸರ್ಕಾರದಿಂದ ರೊಕ್ಕ ತರಬೇಕು. ಟಿಕೆಟ್ ಹರೀಲಿಲ್ಲಂದ್ರ ಮ್ಯಾಲಿನೋರು ನನ್ನ ಬೈತಾರ.”

ಅಕ್ಕ ನನ್ನತ್ತ ತಿರುಗಿದಳು. “ಕೇಳಿದೇನಲೇ? ನಮಗೂ ಬೆಲಿ ಐತಿ. ಬರಿ ಇದನ್ನ.”

ಬರೆದೆ, ಕಲಿತಂತೆಯೇ. ನಡೆದದ್ದು ಮೊದಲು: ಬಸ್ಸು ಖಾಲಿ ಓಡಿತು. ಕಾರಣ, ಬೇಡಿಕೆ ಕೊನೆಯ ಪ್ಯಾರಾದಲ್ಲಿ. ಜಾಗ ಸಾಲದಿದ್ದರೆ ಸುದ್ದಿ ತಿದ್ದುವ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆಂಬುದು ನನಗೆ ಗೊತ್ತಿಲ್ಲದ್ದಲ್ಲ. ಮರುದಿನ ಜಾಹೀರಾತಿನ ಪಕ್ಕ ಆರು ಸಾಲು ಬಂತು, ಕೊನೆಯ ಪ್ಯಾರಾ ಇಲ್ಲದೆ. ಒಂದಕ್ಷರವೂ ಸುಳ್ಳಿರಲಿಲ್ಲ.

ಎರಡು ದಿನ ಬಿಟ್ಟು ಸಾರಿಗೆ ಅಧಿಕಾರಿಯನ್ನು ಕಾಣಲು ಹೋದೆ. ಅವರು ಆ ತುಣುಕನ್ನೇ ನನ್ನ ಮುಂದೆ ಸರಿಸಿದರು.

“ಖಾಲಿ ಓಡ್ತೈತಿ ಅಂತ ನೀವ ಬರದೀರಲ್ರಿ. ಮಂದಿ ಇಲ್ಲದ ಕಡೆ ಇನ್ನೊಂದು ಬಸ್ ಹೆಂಗ ಬಿಡ್ಲಿ? ಒಂಬತ್ತರದನ್ನೂ ತಗೀಬೇಕಂತ ಮ್ಯಾಲ ಬರದೀನಿ.”

“ಅವರು ಬೇಕಂತಲೇ ಹತ್ತುತ್ತಿಲ್ಲ, ಸರ್. ಏಳರ ಬಸ್ಸಿಗಾಗಿ.”

“ಅದು ಇದರಾಗ ಇಲ್ಲಲ್ರಿ.”

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಅತ್ತ ಗಿರಣಿಯ ಸದ್ದು. ಎಲ್ಲ ಕೇಳಿಸಿಕೊಂಡು, “ಹಂಗಾರ ನಾಳಿ ಹತ್ತಬೇಕೇನು?” ಎಂದಳು. ಹತ್ತಿದರೆ ಏಳರದರ ಮಾತು ಅಲ್ಲಿಗೆ ಮುಗಿಯಿತು. ಹತ್ತದಿದ್ದರೆ ಒಂಬತ್ತರದೂ ಹೋಗುತ್ತದೆ. ಕಾರಣವನ್ನೂ ಬರೆದಿದ್ದೆ, ಡೆಸ್ಕಿನವರು ಕತ್ತರಿಸಿದರು ಎಂದೆ.

“ಯಾವ ಕಡಿಂದ ಕತ್ತರಿಸ್ತಾರ ನಿಮ್ಮೋರು?”

“ಕೆಳಗಿನಿಂದ.”

“ಮತ್ತ ಏಳರ ಬಸ್ಸು ಅಂತ ಶುರು ಮಾಡು. ಖಾಲಿ ಅನ್ನೋದನ್ನ ಕೊನಿಗಿಡು. ಕತ್ತರಿಸಿದ್ರ ಅದು ಹೋಗ್ಲಿ.”

ಹಾಗೇ ಬರೆದೆ. ಈ ಸಲ ಏನನ್ನೂ ಕತ್ತರಿಸಲಿಲ್ಲ. ಒಂಬತ್ತರ ಬಸ್ಸು ಉಳಿಯಿತು. ಹೆಂಗಸರು ಇನ್ನೂ ಹತ್ತಿಲ್ಲ. ಏಳರದು ಬಂದಿಲ್ಲ. ಬೆಳಿಗ್ಗೆ ಎಂಟಾಗುತ್ತಿದ್ದಂತೆ ನಾನು ಫೋನ್ ಕೈಗೆತ್ತಿಕೊಳ್ಳುತ್ತೇನೆ, ಅಕ್ಕ ಗೇಟಿನ ಒಳಗಿದ್ದಾಳೋ ಹೊರಗೋ ಕೇಳಲು.